ಎರಡನೆಯ ಪೆನ್‌ಡ್ರೈವ್

ಹನ್ನೆರಡನೆಯ ತಾರೀಖು ಗುರುವಾರ ಬೆಳಿಗ್ಗೆ ಒಂಬತ್ತು ಐವತ್ತಕ್ಕೆ ಆಶ್ರಯಗೃಹದ ಮೇಲ್ವಿಚಾರಕಿ ಠಾಣೆಯ ಮೆಟ್ಟಿಲು ಹತ್ತಿದ್ದನ್ನು ಕಿಟಕಿಯಿಂದ ಕಂಡ ಇನ್‌ಸ್ಪೆಕ್ಟರ್ ಒಳಗೊಳಗೇ ಹಲ್ಲು ಕಡಿದ. ಅರವತ್ತು ದಾಟಿದ ಆ ಹೆಂಗಸನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಗಂಡನ ಏಟು ತಾಳಲಾರದೆ ಮನೆ ಬಿಟ್ಟು ಬಂದವರನ್ನು ಕೆಲವು ತಿಂಗಳು ಇಟ್ಟುಕೊಂಡು, ಆಮೇಲೆ ಯಾರಿಗೂ ಸುಳಿವು ಸಿಗದ ಕಡೆ ಕೋಣೆ ಮತ್ತು ಕೆಲಸ ಹುಡುಕಿಕೊಡುವುದು ಆಕೆಯ ಉದ್ಯೋಗ. ಬಂದಾಗಲೆಲ್ಲ ಪೊಲೀಸರಿಗೆ ಪಾಠ ಹೇಳಿಯೇ ಹೋಗುವುದು ಆಕೆಯ ಅಭ್ಯಾಸ. ಇತ್ತ ಇನ್‌ಸ್ಪೆಕ್ಟರ್‌ಗೂ ತಾಳ್ಮೆ ಅಷ್ಟಕ್ಕಷ್ಟೆ. ಠಾಣೆಯವರು ಬೆನ್ನ ಹಿಂದೆ ಅವನನ್ನು ‘ಮೂಗಿನ ತುದಿ’ ಎನ್ನುತ್ತಿದ್ದರು, ಸಿಟ್ಟಿನ ಕಾಯಂ ವಿಳಾಸ ಅದೇ ಎಂದು.

ಹಿಂದಿನ ದಿನ ಬೆಳಿಗ್ಗೆ ಎಂಟು ನಲವತ್ತಕ್ಕೆ, ಹೊಲಿಗೆ ಕೆಲಸ ಮಾಡುವ ಹೆಂಗಸೊಬ್ಬಳ ಬಾಗಿಲಿಗೆ ಅವಳ ಗಂಡ ಕಬ್ಬಿಣದ ಸರಳು ಹಿಡಿದುಕೊಂಡು ಬಂದಿದ್ದ. ಅಕ್ಕಪಕ್ಕದವರು ಓಡಿ ಬರುವಷ್ಟರಲ್ಲಿ ಅವಳ ಎಡಗೈ ಮುರಿದಿತ್ತು, ತಲೆಗೆ ಏಳು ಹೊಲಿಗೆ ಬೇಕಾದವು. ಗಂಡ ಈಗ ಲಾಕಪ್ಪಿನಲ್ಲಿದ್ದ. ಅವಳು ಆಶ್ರಯಗೃಹದಿಂದ ಆ ಕೋಣೆಗೆ ಹೋಗಿ ಒಂಬತ್ತು ತಿಂಗಳಾಗಿತ್ತು, ಇಷ್ಟು ದಿನ ಅವನಿಗೆ ಜಾಡು ಸಿಕ್ಕಿರಲಿಲ್ಲ.

ಇನ್‌ಸ್ಪೆಕ್ಟರ್ ಪ್ಲಾಸ್ಟಿಕ್ ಚೀಲದಲ್ಲಿಟ್ಟಿದ್ದ ಕಾಗದದ ಪಟ್ಟಿಯೊಂದನ್ನು ಮೇಜಿನ ಮೇಲೆ ದೂಡಿದ. ಬೆರಳಗಲದ ಪಟ್ಟಿ. ಅದರಲ್ಲಿ ಹೊಲಿಗೆಯವಳ ಹೆಸರು, ಕೋಣೆಯ ವಿಳಾಸ, ಕೆಲಸಕ್ಕೆ ಹೋಗಿ ಬರುವ ಹೊತ್ತು ಅಚ್ಚಾಗಿದ್ದವು. ಗಂಡನ ಜೇಬಿನಲ್ಲಿ ಸಿಕ್ಕಿದ್ದು, ಅಂಚೆಯಲ್ಲಿ ಬಂತು ಎನ್ನುತ್ತಾನೆ, ಕಳಿಸಿದ್ದು ಯಾರೆಂದು ಗೊತ್ತಿಲ್ಲವಂತೆ ಎಂದು ತಿಳಿಸಿದ. ಲಕೋಟೆಯ ಮೇಲೂ ಅಂಥದೇ ಅಚ್ಚಿನ ಪಟ್ಟಿ ಅಂಟಿಸಿತ್ತು, ಕೈಬರಹ ಎಲ್ಲೂ ಇರಲಿಲ್ಲ.

ದೊಡ್ಡಮ್ಮ ಪಟ್ಟಿ ನೋಡಿ, ಯಾರೂ ಹೇಳದೆಯೇ ಕುರ್ಚಿಯಲ್ಲಿ ಕುಸಿದಳು.

“ಇದು ನನ್ನ ವಿಳಾಸಗಳ ಪಟ್ಟೀದೇ. ಹದಿನೇಳನೇ ಸಾಲು. ಒಟ್ಟು ನಲವತ್ತೊಂದು ಸಾಲಿದೆ.”

“ಯಾರ ಹತ್ರ ಇದೆ ಪಟ್ಟಿ?”

“ನನ್ನ ಕಂಪ್ಯೂಟರಲ್ಲಿ ಮಾತ್ರ. ಅದರಿಂದ ಆಚೆ ಹೋಗೋಕೆ ಸಾಧ್ಯವೇ ಇಲ್ಲ.”

“ಬಂದಿದೆಯಲ್ಲ.”

ಆಕೆಗೆ ಉರಿದುಹೋಯಿತು. ಎರಡು ವರ್ಷದ ಹಿಂದೆ ಇದೇ ಹೊಲಿಗೆಯವಳು ಇದೇ ಮೇಜಿನ ಮುಂದೆ ನಿಂತಿದ್ದಳು, ಹೊಂದಿಕೊಂಡು ಹೋಗಮ್ಮ ಎಂದು ವಾಪಸು ಕಳಿಸಿದ್ದು ಯಾರು ಎಂದು ಮುಖಕ್ಕೆ ಹೊಡೆದಂತೆ ಕೇಳಿದಳು. ಇನ್‌ಸ್ಪೆಕ್ಟರ್‌ಗೆ ನೆನಪಿತ್ತು. ನೆನಪಿದ್ದದ್ದಕ್ಕೇ ಸಿಟ್ಟು ಇಮ್ಮಡಿಯಾಯಿತು. ದೂರನ್ನು ಬರೆಸಿಕೊಂಡು, ಹತ್ತು ಇಪ್ಪತ್ತಕ್ಕೆ ಎಫ್‌ಐಆರ್ ಸಂಖ್ಯೆ ಎಂಬತ್ತೇಳು ದಾಖಲಿಸಿದ. ಇನ್ನೂ ನಲವತ್ತು ಸಾಲು ಯಾರದೋ ಕೈಯಲ್ಲಿವೆ, ಒಂದೊಂದಕ್ಕೂ ಒಬ್ಬೊಬ್ಬ ಗಂಡ ಇದ್ದಾನೆ ಎಂಬ ಲೆಕ್ಕ ಅವನಿಗೂ ಅರ್ಥವಾಗಿತ್ತು.

ಹತ್ತು ಐವತ್ತೈದಕ್ಕೆ ಮಹಿಳಾ ಹೆಡ್ ಕಾನ್‌ಸ್ಟೇಬಲ್ ಜೊತೆ ಆಶ್ರಯಗೃಹ ತಲುಪಿದ. ಎತ್ತರದ ಗೋಡೆ, ಫಲಕವಿಲ್ಲದ ಗೇಟು. ಒಳಗೆ ಅಂಗಳ, ಅಂಗಳಕ್ಕೆ ತಾಗಿ ಕಚೇರಿ ಕೋಣೆ. ಕೋಣೆಯಲ್ಲಿ ಎರಡು ಮೇಜು. ಒಂದು ದೊಡ್ಡಮ್ಮನದು, ಮೇಲೆ ಕಂಪ್ಯೂಟರ್. ಇನ್ನೊಂದು ಗುಮಾಸ್ತೆಯದು. ಐವತ್ತರ ಆಸುಪಾಸಿನ, ತುಂಬುತೋಳಿನ ರವಿಕೆಯ ಆ ಹೆಂಗಸು ಹದಿನಾಲ್ಕು ವರ್ಷದಿಂದ ಅಲ್ಲೇ ಇದ್ದಳು. ದೊಡ್ಡಮ್ಮ ಇದ್ದ ಮೇಲೆ ಇವಳು ಚಿಕ್ಕಮ್ಮ ಆಗಲೇಬೇಕಲ್ಲ, ಹಾಗೇ ಕರೆಯುತ್ತಿದ್ದರು. ಬಂದವರ ಹೇಳಿಕೆಯನ್ನು ಟೈಪ್ ಮಾಡುವುದು, ಸಾಮಾನಿನ ಪುಸ್ತಕ ಬರೆಯುವುದು ಅವಳ ಪಾಲಿನ ಕೆಲಸ. ಹೇಳಿಕೆ ಟೈಪ್ ಮಾಡುವುದು ಅದೇ ಕಂಪ್ಯೂಟರಿನಲ್ಲಿ, ಆದರೆ ಬೇರೆ ಹೆಸರಿನಲ್ಲಿ ಒಳಹೊಕ್ಕು. ವಿಳಾಸದ ಪಟ್ಟಿ ಅಲ್ಲಿಗೆ ಕಾಣುವುದಿಲ್ಲ.

ದೊಡ್ಡಮ್ಮ ತನ್ನ ಕೋಟೆಯ ಪ್ರದರ್ಶನ ಕೊಟ್ಟಳು. ಇಂಟರ್‌ನೆಟ್ ತಂತಿಯೇ ಇಲ್ಲ. ಪ್ರಿಂಟರ್ ಒಂದಿದೆ, ಆದರೆ ಆ ಮುದಿ ಯಂತ್ರ ಒಂದು ಹಾಳೆ ಕಕ್ಕುವಷ್ಟರಲ್ಲಿ ಅಂಗಳದ ತುದಿಗೂ ಗೊತ್ತಾಗುತ್ತದೆ. ಪೆನ್‌ಡ್ರೈವ್, ಫೋನು, ಏನೇ ಚುಚ್ಚಿದರೂ ಕಂಪ್ಯೂಟರ್ ಒಳಗೆ ಬಿಟ್ಟುಕೊಳ್ಳದಂತೆ ಒಂದೂವರೆ ವರ್ಷದ ಹಿಂದೆ ರಿಪೇರಿಯವನಿಂದ ಕಟ್ಟು ಹಾಕಿಸಿದ್ದಾಳೆ. ಹೆಡ್ ಕಾನ್‌ಸ್ಟೇಬಲ್ ತನ್ನ ಪೆನ್‌ಡ್ರೈವ್ ಚುಚ್ಚಿ ನೋಡಿದಳು. ಅನುಮತಿ ಇಲ್ಲ ಎಂದು ಪರದೆ ಕಡ್ಡಿ ಮುರಿದಂತೆ ಹೇಳಿತು. ದೊಡ್ಡಮ್ಮ ಕೊರಳಿಗೆ ಹಾಕಿಕೊಂಡಿದ್ದ ಬೀಗದ ಕೈಗಳ ಗೊಂಚಲಿನಿಂದ ತನ್ನದೊಂದನ್ನು ತೆಗೆದು ಚುಚ್ಚಿದಳು. ಅದು ತೆರೆಯಿತು.

“ಜಗತ್ತಿನಲ್ಲಿ ಇದಕ್ಕೊಂದಕ್ಕೇ ಅನುಮತಿ. ಸ್ನಾನಕ್ಕೆ ಹೋದರೂ ಕೊರಳಲ್ಲೇ ಇರುತ್ತೆ.”

ಅಷ್ಟರಲ್ಲಿ ಹನ್ನೊಂದು ಹೊಡೆಯಿತು. ದೊಡ್ಡಮ್ಮ ಗೊಂಚಲನ್ನು ಕೊರಳಿಗೆ ಹಾಕಿಕೊಂಡು ಹಾಜರಿ ಕರೆಯಲು ಅಂಗಳಕ್ಕೆ ನಡೆದಳು. ಭೂಮಿ ಬಿರಿದರೂ ಅದು ತಪ್ಪದು. ಪರದೆ ತೆರೆದೇ ಇತ್ತು, ಪಟ್ಟಿಯೂ ಕಾಣುತ್ತಿತ್ತು. ಇನ್‌ಸ್ಪೆಕ್ಟರ್ ಗಡಿಯಾರ ನೋಡಿಕೊಂಡ. ಆಕೆ ವಾಪಸು ಬಂದದ್ದು ಹನ್ನೊಂದೂ ಹದಿನೈದಕ್ಕೆ.

“ದಿನಾ ಹೀಗೇನಾ?”

“ಹಾಜರಿ ದಿನಾ ಇರುತ್ತೆ.”

“ಪರದೆ ಮುಚ್ಚಿ ಹೋಗಲ್ವಾ?”

“ಪಾಸ್‌ವರ್ಡು ಉದ್ದ ಇದೆ. ಹದಿನೈದು ನಿಮಿಷಕ್ಕೆ ಮತ್ತೆ ಯಾರು ಹೊಡೀತಾರೆ? ಪೆನ್‌ಡ್ರೈವ್ ಹೋಗಲ್ವಲ್ಲ. ನಲವತ್ತೊಂದು ಸಾಲನ್ನ ಯಾರೂ ಕೈಯಲ್ಲಿ ಬರ್ಕೊಳ್ಳೋಕಾಗಲ್ಲ.”

ಕಿಟಕಿಗೆ ಸರಳು, ಸರಳಿಗೆ ಜಾಲರಿ, ಬಾಗಿಲು ಮಾತ್ರ ಹಾರುಹೊಡೆದದ್ದು. ಇನ್‌ಸ್ಪೆಕ್ಟರ್ ಇದನ್ನು ಬಾಯಿಬಿಟ್ಟೇ ಹೇಳಿದ. ಆಕೆ ಕೆಂಪಾದಳು. ಹಾಜರಿಯ ಹೊತ್ತಿನಲ್ಲಿ ಕೋಣೆಗೆ ಯಾರು ಬರುತ್ತಾರೆಂದು ಕೇಳಿದ್ದಕ್ಕೆ, ಅಡುಗೆಯವಳು, ಕಸ ಗುಡಿಸುವವಳು, ಅಲ್ಲೇ ಕೂರುವ ಚಿಕ್ಕಮ್ಮ, ತಿಂಗಳಿಗೊಮ್ಮೆ ರಿಪೇರಿಯವನು ಎಂದಳು. ಕಸ ಗುಡಿಸುವವಳ ಮೇಲೆ ತನಗೆ ಮೊದಲಿನಿಂದ ಅನುಮಾನ ಎಂದೂ ಸೇರಿಸಿದಳು. ಆ ಬಡಪಾಯಿ ಆಗಲೇ ಮೂಲೆಯಲ್ಲಿ ನಿಂತು ಅಳುತ್ತಿದ್ದಳು.

ಎದುರಿನ ಔಷಧಿ ಅಂಗಡಿಯವನು, ಬೀಗ ರಿಪೇರಿಯವನು ಜಪ್ತಿಗೆ ಸಾಕ್ಷಿ ಹಾಕುವ ಪಂಚರಾಗಿ ಬಂದರು. ಕಂಪ್ಯೂಟರಿಗೂ ದೊಡ್ಡಮ್ಮನ ಪೆನ್‌ಡ್ರೈವಿಗೂ ಪಂಚನಾಮೆ ಬರೆದು ಮೊಹರು ಹಾಕಲಾಯಿತು. ಹೆಡ್ ಕಾನ್‌ಸ್ಟೇಬಲ್ ಬರೆಯಲು ಚಿಕ್ಕಮ್ಮನ ಮೇಜೇ ಆಗಬೇಕಾಯಿತು. ಮೇಜಿನ ಗಾಜಿನ ಕೆಳಗೆ ಹಳದಿಗೆ ತಿರುಗಿದ ಟೈಪ್ ಹಾಳೆಯೊಂದಿತ್ತು, ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ ‘ಮಾದರಿ’ ಎಂದು ಬರೆದಿತ್ತು. ಹೊಸಬರ ಹೇಳಿಕೆ ಹೇಗೆ ಟೈಪ್ ಮಾಡಬೇಕು ಅನ್ನೋದಕ್ಕೆ ಅದು, ಸ್ವಲ್ಪ ಅದರ ಮೇಲೆ ಶಾಯಿ ಬೀಳದ ಹಾಗೆ ನೋಡ್ಕೊಳ್ಳಿ ಎಂದಷ್ಟೇ ಚಿಕ್ಕಮ್ಮ ಹೇಳಿದ್ದು. ಸಿಬ್ಬಂದಿಯ ಹಾಜರಿ ಪುಸ್ತಕ ಕೇಳುವ ಮೊದಲೇ ತಂದಿಟ್ಟಳು. ಇಂಥವರು ಠಾಣೆಯಲ್ಲಿ ಒಬ್ಬರಿದ್ದರೆ ಸಾಕಿತ್ತು ಎಂದು ಇನ್‌ಸ್ಪೆಕ್ಟರ್ ಅಂದುಕೊಂಡ.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ರಿಪೇರಿಯವನನ್ನು ಠಾಣೆಗೆ ಕರೆಸಿದರು. ಮೂವತ್ತರವನು, ಬಾಯಲ್ಲಿ ಚೂಯಿಂಗ್ ಗಮ್, ಕುರ್ಚಿಯಲ್ಲಿ ಮಾವನ ಮನೆಗೆ ಬಂದವನ ಹಾಗೆ ಒರಗಿ ಕುಳಿತ. ಇನ್‌ಸ್ಪೆಕ್ಟರ್‌ಗೆ ನೋಡಿದ ಕೂಡಲೇ ಅವನೇ ಅಪರಾಧಿ ಆಗಿದ್ದರೆ ಎಷ್ಟು ಚೆನ್ನ ಅನ್ನಿಸಿತು.

“ಕಟ್ಟು ಹಾಕಿದ್ದು ನೀನು. ಬಿಚ್ಚೋಕೆ ಬರೋದೂ ನಿನಗೇ.”

“ನಾನು ಹಾಕಿದ ಕಟ್ಟು ಗಟ್ಟಿ ಇದೆ. ಆ ಮುದುಕಿ ಪರದೆ ತೆರೆದಿಟ್ಟು ಹೋದರೆ ನಾನೇನು ಮಾಡಲಿ?”

“ಮೂರನೇ ತಾರೀಖು ಎಲ್ಲಿದ್ದೆ?”

“ಅಂಗಡೀಲಿ. ಕ್ಯಾಮೆರಾ ಇದೆ, ನೋಡ್ಕೊಳ್ಳಿ. ಮೂರನೇ ತಾರೀಖೇ ಯಾಕೆ?”

ಲಕೋಟೆಗೆ ಅಂಚೆ ಮುದ್ರೆ ಬಿದ್ದದ್ದು ಒಂಬತ್ತನೆಯ ತಾರೀಖು. ಅದಕ್ಕೂ ಹಿಂದಿನ ದಿನಗಳಲ್ಲಿ ಆ ಯಂತ್ರಕ್ಕೆ ಏನೇನು ಚುಚ್ಚಿದ್ದರೆಂದು ನೋಡಲು ಸೈಬರ್ ವಿಭಾಗದ ಎಸ್‌ಐ ಬೆಳಿಗ್ಗೆಯೇ ಡಿಸ್ಕಿನ ಪ್ರತಿ ತೆಗೆದಿದ್ದ. ಪ್ರತಿಯೊಂದು ಪೆನ್‌ಡ್ರೈವಿಗೂ ಅದರದೇ ಒಂದು ಸಂಖ್ಯೆ ಇರುತ್ತದೆ, ಕಂಪ್ಯೂಟರ್ ಅದನ್ನು ಮರೆಯುವುದಿಲ್ಲ ಎಂದು ಅವನು ವಿವರಿಸಿ, ಪರದೆಯನ್ನು ಇತ್ತ ತಿರುಗಿಸಿದ. ಅನುಮತಿ ಪಡೆದು ಒಳಹೊಕ್ಕವು ಎರಡು. ಒಂದರ ಸಂಖ್ಯೆ ದೊಡ್ಡಮ್ಮನ ಪೆನ್‌ಡ್ರೈವಿನದು. ಇನ್ನೊಂದು ಅದೇ ಕಂಪನಿ, ಅದೇ ಮಾದರಿ, ಆದರೆ ಸಂಖ್ಯೆ ಬೇರೆ. ಒಮ್ಮೆ ಮಾತ್ರ ಚುಚ್ಚಿದ್ದು: ಮೂರನೆಯ ತಾರೀಖು ಮಂಗಳವಾರ, ಹನ್ನೊಂದೂ ಏಳು. ತೆಗೆದದ್ದು ಹನ್ನೊಂದೂ ಒಂಬತ್ತು.

ರಿಪೇರಿಯವನು ಚೂಯಿಂಗ್ ಗಮ್ ಜಗಿಯುವುದನ್ನು ನಿಲ್ಲಿಸಿದ. ಎರಡನೆಯದನ್ನು ಕಂಪ್ಯೂಟರ್ ಯಾಕೆ ಒಳಗೆ ಬಿಟ್ಟಿತು ಎಂದು ಇನ್‌ಸ್ಪೆಕ್ಟರ್ ಕೇಳಿದ. ಅವನು ಎಸ್‌ಐ ಮುಖ ನೋಡಿದ, ನೆಲ ನೋಡಿದ.

“ಸಂಖ್ಯೆ ಹಾಕಿ ಅನುಮತಿ ಕೊಡಬೇಕಿತ್ತು ಸಾರ್. ನಾನು ಕಂಪನಿ, ಮಾದರಿ ಹಾಕಿ ಬಿಟ್ಟುಬಿಟ್ಟೆ. ಸಂಖ್ಯೆ ಹುಡುಕೋದು ಇನ್ನೊಂದು ಹತ್ತು ನಿಮಿಷದ ಕೆಲಸ.”

“ಅಂದ್ರೆ ಆ ಮಾದರಿಯ ಯಾವ ಪೆನ್‌ಡ್ರೈವ್ ತಂದ್ರೂ ಹೋಗುತ್ತೆ?”

“ಹೋಗುತ್ತೆ ಸಾರ್.”

ಹತ್ತು ನಿಮಿಷ. ಹೊಲಿಗೆಯವಳ ಮುರಿದ ಕೈ ನೆನಪಾಗಿ ಇನ್‌ಸ್ಪೆಕ್ಟರ್‌ಗೆ ಅವನ ಕೆನ್ನೆಗೆ ಬಾರಿಸುವಷ್ಟು ಕೋಪ ಬಂತು. ಕೈಯನ್ನು ಮೇಜಿನ ಮೇಲೇ ಇಟ್ಟುಕೊಂಡು, ಅವನ ಹೇಳಿಕೆ ಬರೆಸಿ, ಅಂಗಡಿಯ ಕ್ಯಾಮೆರಾ ನೋಡಿಬರಲು ಕಾನ್‌ಸ್ಟೇಬಲ್ ಒಬ್ಬನನ್ನು ಕಳಿಸಿದ. ಮೂರನೆಯ ತಾರೀಖು ಬೆಳಗ್ಗಿನಿಂದ ಸಂಜೆಯವರೆಗೆ ಅವನು ಅಂಗಡಿ ಬಿಟ್ಟು ಕದಲಿರಲಿಲ್ಲ. ನಿರಾಸೆಯಾದರೂ ಬಿಡಬೇಕಾಯಿತು.

ಮಧ್ಯಾಹ್ನ ಹನ್ನೆರಡೂವರೆಗೆ, ಹೆಡ್ ಕಾನ್‌ಸ್ಟೇಬಲ್ ಮತ್ತು ಎಸ್‌ಐ ಜೊತೆ, ಮತ್ತೆ ಆಶ್ರಯಗೃಹ. ಎರಡನೆಯ ಪೆನ್‌ಡ್ರೈವ್ ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ ದೊಡ್ಡಮ್ಮ, ಕೊಂಡದ್ದೇ ಒಂದು ಎಂದು ಮೇಜು ಗುದ್ದಿದಳು. ಸಾಮಾನಿನ ಪುಸ್ತಕ ನೋಡೋಣ ಸಾರ್ ಎಂದವಳು ಹೆಡ್ ಕಾನ್‌ಸ್ಟೇಬಲ್. ಚಿಕ್ಕಮ್ಮ ಊಟಕ್ಕೆ ಒಳಗೆ ಹೋಗಿದ್ದಳು, ಪುಸ್ತಕವನ್ನು ಕಪಾಟಿನಿಂದ ದೊಡ್ಡಮ್ಮನೇ ತೆಗೆದುಕೊಟ್ಟಳು. ಒಂದೂವರೆ ವರ್ಷದ ಹಿಂದಿನ ಪುಟದಲ್ಲಿ ಮುತ್ತು ಪೋಣಿಸಿದಂಥ ಅಕ್ಷರ: ‘ಪೆನ್‌ಡ್ರೈವ್, ಜೋಡಿ ಪ್ಯಾಕೆಟ್, ಒಂದು. ಮೇಲ್ವಿಚಾರಕಿಗೆ ಒಂದು. ಉಳಿದದ್ದು ಒಂದು, ಕಪಾಟು.’ ದೊಡ್ಡಮ್ಮ ಕನ್ನಡಕ ಏರಿಸಿ ಎರಡೆರಡು ಸಲ ಓದಿದಳು. ಪ್ಯಾಕೆಟ್ ಒಡೆದದ್ದು ಚಿಕ್ಕಮ್ಮ, ತನಗೆ ಕೊಟ್ಟದ್ದು ಒಂದೇ ಎಂದಳು. ಈ ತಿಂಗಳ ಪುಟದಲ್ಲಿ ಇನ್ನೊಂದು ಸಾಲಿತ್ತು. ಐದನೆಯ ತಾರೀಖು: ‘ಪೆನ್‌ಡ್ರೈವ್ ಒಂದು, ಕೆಟ್ಟಿದೆ, ಟ್ರಂಕಿಗೆ.’

“ಯಾವ ಟ್ರಂಕು?”

ಆಶ್ರಯಗೃಹದಲ್ಲಿ ಒಂದು ನಿಯಮವಿತ್ತು. ಕೆಟ್ಟ ವಸ್ತುವನ್ನು ಯಾರೂ ಬಿಸಾಡುವಂತಿಲ್ಲ. ಚೀಟಿ ಕಟ್ಟಿ ಟ್ರಂಕಿಗೆ ಹಾಕಬೇಕು. ವರ್ಷಕ್ಕೊಮ್ಮೆ ಸಮಿತಿಯವರು ಬಂದು, ನೋಡಿ, ಸಹಿ ಹಾಕಿದ ಮೇಲೇ ವಿಲೇವಾರಿ. ಟ್ರಂಕು ಮೆಟ್ಟಿಲ ಕೆಳಗಿತ್ತು. ಪಂಚರ ಎದುರಿಗೆ ತೆರೆದರು. ಮುಳ್ಳು ಬಿದ್ದುಹೋದ ಗಡಿಯಾರ, ಹಿಡಿ ಮುರಿದ ಕಪ್ಪುಗಳು, ಸುಟ್ಟ ಇಸ್ತ್ರಿಪೆಟ್ಟಿಗೆ, ಒಂಟಿ ಚಪ್ಪಲಿ ಕೂಡ, ಎಲ್ಲಕ್ಕೂ ದಾರದಲ್ಲಿ ಕಟ್ಟಿದ ಚೀಟಿ. ತಳದಲ್ಲೊಂದು ಪುಟ್ಟ ಲಕೋಟೆ, ಅದರೊಳಗೆ ಪೆನ್‌ಡ್ರೈವ್.

ಹೆಡ್ ಕಾನ್‌ಸ್ಟೇಬಲ್ ಚೀಟಿಯನ್ನು ಬೆಳಕಿಗೆ ಹಿಡಿದಳು. ಕತ್ತರಿಯಲ್ಲಿ ಕತ್ತರಿಸಿದ್ದಲ್ಲ, ಉಕ್ಕಿನ ಸ್ಕೇಲು ಒತ್ತಿ ಹಿಡಿದು ಹರಿದದ್ದು. ಅಂಚು ನೇರ, ಆದರೆ ಉದ್ದಕ್ಕೂ ಕಾಗದದ ಎಳೆಯೆದ್ದ ಸಣ್ಣ ನವಿರು. ಕಡತದಿಂದ ಹದಿನೇಳನೆಯ ಸಾಲಿನ ಪಟ್ಟಿ ತೆಗೆದು ಪಕ್ಕಕ್ಕಿಟ್ಟಳು. ಅಂಚು ಅದೇ, ನವಿರು ಅದೇ. ಎಸ್‌ಐ ಪೆನ್‌ಡ್ರೈವನ್ನು ತನ್ನ ಯಂತ್ರಕ್ಕೆ ಚುಚ್ಚಿದ. ಅದೇನೂ ಕೆಟ್ಟಿರಲಿಲ್ಲ. ಒಳಗಿನದನ್ನು ಅಳಿಸಿದ್ದರು, ಆದರೆ ಸಂಖ್ಯೆಯನ್ನು ಅಳಿಸುವುದು ಯಾರಿಂದಾದೀತು? ಕಂಪ್ಯೂಟರಿನಲ್ಲಿ ಉಳಿದಿದ್ದ ಎರಡನೆಯ ಸಂಖ್ಯೆಗೆ ಅದು ತಾಳೆಯಾಯಿತು.

ಚಿಕ್ಕಮ್ಮ ಊಟ ಮುಗಿಸಿ, ಕೈ ಒರೆಸಿಕೊಳ್ಳುತ್ತ ಬಂದು ತನ್ನ ಕುರ್ಚಿಯಲ್ಲಿ ಕುಳಿತಳು. ಮೇಜಿನ ಮೇಲಿದ್ದ ಪೆನ್‌ಡ್ರೈವ್ ನೋಡಿ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಇದನ್ನ ಯಾಕೆ ಬಿಸಾಕಲಿಲ್ಲ?” ಇನ್‌ಸ್ಪೆಕ್ಟರ್‌ಗೆ ಮೊದಲು ಬಾಯಿಗೆ ಬಂದದ್ದು ಅದೇ ಪ್ರಶ್ನೆ.

“ಪುಸ್ತಕದಲ್ಲಿರೋ ಸಾಮಾನು. ಬಿಸಾಕೋಕೆ ಸಮಿತಿ ಒಪ್ಪಿಗೆ ಬೇಕು.”

ದೊಡ್ಡಮ್ಮ ಅವಳ ಮೇಲೆ ಏರಿಹೋದಳು. ಹೆಡ್ ಕಾನ್‌ಸ್ಟೇಬಲ್ ನಡುವೆ ನಿಂತು ತಡೆದಳು. ಚಿಕ್ಕಮ್ಮ ಎದ್ದು, ಪೆನ್ನಿನ ಮುಚ್ಚಳ ಹಾಕಿ, ಸ್ಕೇಲನ್ನು ಡ್ರಾಯರಿನಲ್ಲಿಟ್ಟು, ಹೊರಡೋಣ ಎಂದಳು. ಎರಡು ಹತ್ತಕ್ಕೆ ದಸ್ತಗಿರಿಯ ಸಮಯ ನಮೂದಾಯಿತು.

ಠಾಣೆಯಲ್ಲಿ ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಪಟ್ಟಿ ಎಲ್ಲಿ ಅಚ್ಚು ಹಾಕಿಸಿದೆ, ಉಳಿದದ್ದು ಎಲ್ಲಿದೆ, ಎಷ್ಟು ಲಕೋಟೆ ಕಳಿಸಿದೆ? ಇನ್‌ಸ್ಪೆಕ್ಟರ್ ಮೇಜು ಗುದ್ದಿದ, ಕೂಗಾಡಿದ, ಇನ್ನೊಬ್ಬಳ ತಲೆ ಒಡೆದರೆ ಅದೂ ನಿನ್ನ ಲೆಕ್ಕಕ್ಕೇ ಎಂದ. ಅವಳು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದಳು. ನೋಡುವ ರೀತಿ ಅವನಿಗೆ ಸರಿಬರಲಿಲ್ಲ. ಯಾವುದೋ ಹೊತ್ತಿಗೆ ಕಾಯುವವರು ಹಾಗೆ ನೋಡುತ್ತಾರೆ.

ದಸ್ತಗಿರಿಯಾದವರ ಮೈಮೇಲೆ ಗಾಯವಿದ್ದರೆ ಆಗಲೇ ಬರೆದಿಡಬೇಕು, ಆಮೇಲೆ ಪೊಲೀಸರೇ ಹೊಡೆದರು ಎಂಬ ಮಾತು ಬರಬಾರದು. ಹೆಡ್ ಕಾನ್‌ಸ್ಟೇಬಲ್ ಅದಕ್ಕೆಂದು ಅವಳನ್ನು ಒಳಕೋಣೆಗೆ ಕರೆದೊಯ್ದಳು. ಐದು ನಿಮಿಷದ ಕೆಲಸಕ್ಕೆ ಅರ್ಧ ಗಂಟೆ ಹಿಡಿಯಿತು. ಮೂರು ಹದಿನೈದಕ್ಕೆ ಹೊರಬಂದವಳು ಹಾಳೆಯನ್ನು ಇನ್‌ಸ್ಪೆಕ್ಟರ್ ಮುಂದಿಟ್ಟಳು. ಗಾಯಗಳು ಹನ್ನೊಂದು. ಬಲ ಮೊಣಕೈ, ಮೂಳೆ ಓರೆಯಾಗಿ ಕೂಡಿದೆ. ಎಡ ಭುಜ, ಬಿಸಿ ಲೋಹದ ಸುಟ್ಟ ಗುರುತು. ಬೆನ್ನು, ನಾಲ್ಕು. ತೋಳು, ಮೂರು. ಪಕ್ಕೆಲುಬು. ಕತ್ತಿನ ಹಿಂದೆ, ವಾರದ ಈಚಿನದು.

ಅವನು ಹಾಳೆ ಹಿಡಿದು ಒಳಗೆ ಹೋದ. ಕೊನೆಯ ಕಾಲಂ ಖಾಲಿಯಿತ್ತು.

“ಇವು ಹೇಗಾದವು?” ಕನಿಕರವೇನೂ ಇರಲಿಲ್ಲ, ಕಾಲಂ ತುಂಬಬೇಕಿತ್ತು.

ಅವಳು ಆ ಕೋಣೆಯ ಗಡಿಯಾರದಿಂದ ಕಣ್ಣು ತೆಗೆದಳು.

“ಕೇಳೋಕೆ ಇಷ್ಟು ವರ್ಷ ಬೇಕಾಯ್ತಾ ಯಾರಿಗಾದ್ರೂ?”

ಆಮೇಲೆ ಮಾತು ನಿಲ್ಲಲಿಲ್ಲ. ಇಪ್ಪತ್ತಾರು ವರ್ಷದಿಂದ ಅದೇ ಮನೆ, ಅದೇ ಗಂಡ. ಏಣಿಯಿಂದ ಬಿದ್ದೆ, ಸ್ನಾನದ ಮನೆಯಲ್ಲಿ ಜಾರಿದೆ ಎಂದು ಕೊಟ್ಟ ರಜಾ ಚೀಟಿಗಳಿಗೆ ದೊಡ್ಡಮ್ಮ ತಲೆ ಎತ್ತದೆ ಸಹಿ ಹಾಕುತ್ತಿದ್ದಳು.

“ಇನ್ನೂರ ಹನ್ನೆರಡು ಜನರ ಕತೆ ಟೈಪ್ ಮಾಡಿದೀನಿ. ಕೆಲವರು ನಾನು ತಿಂದಿದ್ರಲ್ಲಿ ಕಾಲು ಭಾಗ ತಿಂದಿರಲಿಲ್ಲ. ಅವರಿಗೆಲ್ಲ ಕೋಣೆ, ಕೆಲಸ, ಹೊಸ ಬೀಗ. ಟೈಪ್ ಮಾಡಿ ಸಂಜೆ ನಾನು ಎಲ್ಲಿಗೆ ಹೋಗ್ತಿದ್ದೆ? ನಾನು ಸಹಿಸ್ಕೊಂಡಿಲ್ವಾ? ಅವರೂ ಸಹಿಸ್ಕೊಳ್ಳಲಿ.”

“ಹೊಲಿಗೆಯವಳ ಕೈ ಮುರಿದಿದ್ದು ಗೊತ್ತಾದ ಮೇಲೂ?”

“ಅವಳನ್ನ ನೋಡೋಕೆ ದೊಡ್ಡಮ್ಮ ಒಂದೇ ದಿನ ಎರಡು ಸಲ ಆಸ್ಪತ್ರೆಗೆ ಹೋದ್ರು. ನನ್ನ ಮೊಣಕೈ ಮುರಿದಾಗ, ಟೈಪಿಂಗ್ ನಿಧಾನ ಆಯ್ತು ಅಂದಿದ್ರು.”

“ಎಷ್ಟು ಲಕೋಟೆ?”

ಅವಳು ಹೆಡ್ ಕಾನ್‌ಸ್ಟೇಬಲ್ ಬರೆದುಕೊಳ್ಳುತ್ತಿದ್ದ ಹಾಳೆಯನ್ನು ನೋಡಿದಳು. ಒಂದು ಸಾಲಿನ ಕಾಲಂ ತುಂಬಿ, ಹಿಂಬದಿಯೂ ತುಂಬಿತ್ತು.

“ಇನ್ನು ಮೂರು. ಬೆಳಿಗ್ಗೆ ಬರ್ತಾ ನಮ್ಮ ಬೀದಿ ಡಬ್ಬಿಗೆ ಹಾಕ್ದೆ. ನಾಲ್ಕು ಗಂಟೆಗೆ ತೆಗೀತಾರೆ.”

ಗಡಿಯಾರದಲ್ಲಿ ಮೂರು ನಲವತ್ತೆರಡು. ಜೀಪು ಬೀದಿಯ ಮೂಲೆ ಮುಟ್ಟಿದಾಗ ಅಂಚೆಯವನು ಡಬ್ಬಿಯ ಬೀಗ ತೆಗೆದಿದ್ದ, ಕಾಗದಗಳು ಚೀಲದೊಳಗೆ ಬೀಳುತ್ತಿದ್ದವು. ಚೀಲದ ಬಾಯಿ ಹಿಡಿದುಕೊಂಡು ಅಂಚೆ ಅಧಿಕಾರಿಗೆ ಫೋನು ಮಾಡಿ, ಲಿಖಿತ ಕೋರಿಕೆ ಕೊಟ್ಟು, ಅವರ ಎದುರಿಗೇ ಹುಡುಕಿದರು. ಅಚ್ಚಿನ ಪಟ್ಟಿ ಅಂಟಿಸಿದ ಲಕೋಟೆ ಮೂರು. ಇನ್‌ಸ್ಪೆಕ್ಟರ್ ಅವನ್ನು ಎರಡು ಸಲ ಎಣಿಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮೊಹರು ಮಾಡಿಸಿದ.

ಚಿಕ್ಕಮ್ಮನ ಮನೆ ಅಲ್ಲಿಂದ ಮೂರನೆಯದು. ಬಾಗಿಲು ತೆರೆದ ಗಂಡ ಸಮವಸ್ತ್ರ ನೋಡಿಯೂ ಅಳುಕಲಿಲ್ಲ. ಎಲ್ಲಿ ಅವಳು, ಇನ್ನೂ ಬಂದಿಲ್ಲ, ಕಾಫಿ ಮಾಡುವವರು ಯಾರು ಎಂದು ಕೇಳಿದ. ಇನ್‌ಸ್ಪೆಕ್ಟರ್ ಅವನನ್ನು ಪಕ್ಕಕ್ಕೆ ಸರಿಸಿ ಒಳಹೊಕ್ಕ. ಬಟ್ಟೆಯ ಪೆಟ್ಟಿಗೆಯ ತಳದಲ್ಲಿ ರಟ್ಟಿನ ಕಡತ, ಅದರೊಳಗೆ ಸ್ಕೇಲು ಒತ್ತಿ ಹರಿದ ಪಟ್ಟಿಗಳು, ಸಾಲಿನ ಸಂಖ್ಯೆಯ ಕ್ರಮದಲ್ಲಿ. ಮೂವತ್ತೇಳು. ಲೆಕ್ಕ ಸರಿಹೋಯಿತು.

ಸಂಜೆ ಐದು ಐವತ್ತಕ್ಕೆ ಅವನು ಆಶ್ರಯಗೃಹಕ್ಕೆ ಮೂರನೆಯ ಸಲ ಹೋದ. ಜೀಪು ಅಂಚೆ ಡಬ್ಬಿಗೆ ಹೊರಡುವ ಮೊದಲು ಚಿಕ್ಕಮ್ಮ ಹೇಳಿದ ಮಾತೊಂದು ಉಳಿದಿತ್ತು. ಯಾರಿಗಾದರೂ ಹೇಳಬಹುದಿತ್ತಲ್ಲ ಎಂದು ಹೆಡ್ ಕಾನ್‌ಸ್ಟೇಬಲ್ ಕೇಳಿದ್ದಕ್ಕೆ, ಹೇಳಿದ್ದೆ, ಗಾಜಿನ ಕೆಳಗಿದೆ, ಓದಿಕೊಳ್ಳಿ ಎಂದಿದ್ದಳು.

ದೊಡ್ಡಮ್ಮ, ಪಂಚರು, ಹೆಡ್ ಕಾನ್‌ಸ್ಟೇಬಲ್ ಸುತ್ತ ನಿಂತರು. ಇನ್‌ಸ್ಪೆಕ್ಟರ್ ಗಾಜು ಎತ್ತಿ ಹಳದಿ ಹಾಳೆಯನ್ನು ಈಚೆಗೆ ತೆಗೆದ. ಹದಿನಾಲ್ಕು ವರ್ಷದ ಹಿಂದಿನ ತಾರೀಖು, ಅವಳು ಕೆಲಸಕ್ಕೆ ಸೇರಿದ ಎರಡನೆಯ ವಾರ. ಹೇಳಿಕೆ ಕೊಡುವವರ ಹೆಸರು ಎಂಬಲ್ಲಿ ಅವಳದೇ ಹೆಸರು. ಗಂಡನ ಹೆಸರು, ಈಗಷ್ಟೇ ಕಾಫಿ ಕೇಳಿದವನದು. ಎಡ ಭುಜಕ್ಕೆ ಬಿಸಿ ಸೌಟು, ಬೆನ್ನಿಗೆ ಬೆಲ್ಟು, ತಾರೀಖು ಸಮೇತ. ಕೊನೆಯ ಸಾಲು: ‘ನನಗೆ ಇರಲು ಒಂದು ಜಾಗ ಬೇಕು.’ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡಮ್ಮನ ದುಂಡು ಅಕ್ಷರ: ‘ಮಾದರಿ. ಚೆನ್ನಾಗಿದೆ. ಇನ್ನು ಮುಂದೆ ಎಲ್ಲವೂ ಹೀಗೇ ಇರಲಿ.’

“ನಮೂನೆ ತೋರಿಸೋಕೆ ತನ್ನ ಹೆಸರು ಹಾಕ್ಕೊಂಡಿದಾಳೆ ಅಂದ್ಕೊಂಡೆ,” ಎಂದಳು ದೊಡ್ಡಮ್ಮ. “ಸುಮ್ಮನೆ ತುಂಬಿಸಿದ್ದು ಅಂದ್ಕೊಂಡೆ.” ಆಕೆಯ ಕೈ ಕೊರಳ ಗೊಂಚಲನ್ನು ಹಿಡಿದುಕೊಂಡಿತ್ತು, ಬಿಡಲು ಗೊತ್ತಾಗದವರ ಹಾಗೆ.

ಬೇರೆ ಯಾವತ್ತಾದರೂ ಆಗಿದ್ದರೆ ಇನ್‌ಸ್ಪೆಕ್ಟರ್ ಆಕೆಗೆ ನಾಲ್ಕು ಮಾತು ಆಡದೆ ಬಿಡುತ್ತಿರಲಿಲ್ಲ. ಈಗ ಹೊಂದಿಕೊಂಡು ಹೋಗಮ್ಮ ಎಂದ ತನ್ನದೇ ದನಿ ಕಿವಿಯಲ್ಲಿತ್ತು. ಚಿಕ್ಕಮ್ಮನ ಮೇಲೆ ಅವನಿಗೆ ಆಗಲೂ ಕನಿಕರ ಬರಲಿಲ್ಲ. ಮೂರು ಲಕೋಟೆ ಎಣಿಸಿದ್ದನ್ನು ಅವನು ಮರೆತಿರಲಿಲ್ಲ. ಆದರೆ ಹಾಳೆಯನ್ನು ಅವನು ಕೆಳಗಿಡಲಿಲ್ಲ.

ಹೆಡ್ ಕಾನ್‌ಸ್ಟೇಬಲ್ ಪಂಚನಾಮೆಗೆ ‘ಮಾದರಿ ಹೇಳಿಕೆ, ಹಳೆಯದು, ಒಂದು’ ಎಂದು ಬರೆದಿದ್ದಳು. ಇನ್‌ಸ್ಪೆಕ್ಟರ್ ಅದನ್ನು ಹೊಡೆದುಹಾಕಿಸಿ, ‘ದೂರು, ಒಂದು’ ಎಂದು ಬರೆಸಿದ. ಹೊಡೆದುಹಾಕಿದ್ದರ ಪಕ್ಕದಲ್ಲಿ ತನ್ನ ಸಹಿ ಮಾಡಿ, ಸ್ವೀಕರಿಸಿದ ಸಮಯ ಸಂಜೆ ಆರು ಹತ್ತು ಎಂದು ಹಾಕಿದ.